ಎಚ್. ಎಂ. ಸಿ.

ಕಟ್ಟಿನಕೆರೆ ಮಾರ್ಕೆಟ್ಟಿನ ಹಿಂದಿನ ಆ ಮಳಿಗೆಯ
ಪ್ಲೈವುಡ್ ಕಿತ್ತಿದ್ದು ಮೊನ್ನೆ ಮಂಗಳವಾರ.
ಮೊಬೈಲ್ ಕವರಿನ ಅಂಗಡಿ ಹೋಗಿ
ಮೋಮೋ ಅಂಗಡಿ ಬರುತ್ತದಂತೆ.
ವೈರಿಂಗ್ ನನ್ನದು.

ಹದಿಮೂರರಲ್ಲಿ ಇದೇ ಗೋಡೆಗಳೊಳಗೆ
ನಾನು ಚಿಲ್ಲರೆ ಹುಡುಗ:
ಐದರ ನೋಟಿಗೆ ಐದು ಬಿಲ್ಲೆ,
ನೋಟು ಹರಿದಿದ್ದರೆ ಅಂತೋಣಿ ಸಾಹುಕಾರರ ಮುಖ ನೋಡು.
ಮೂರು ಪೆಟ್ಟಿಗೆ. ಒಂದರಲ್ಲಿ ಕುಸ್ತಿ, ಒಂದರಲ್ಲಿ ಕಾರು,
ಮೂಲೆಯದರಲ್ಲಿ ವಿಮಾನ,
ಎಡಕ್ಕೆ ಎಳೆದರೆ ಒಂದು ಗಳಿಗೆ ಯೋಚಿಸಿ
ಆಮೇಲೆ ಹೊರಳುವ ಮುದಿ ಎತ್ತು.

ಗೆದ್ದವರಿಗೆ ಮೂರೇ ಅಕ್ಷರ ಕೊಡುತ್ತಿತ್ತು ಅದು.
ನಮಗೇನು ಕಷ್ಟ?
ಊರಿಗೊಂದು, ಅಪ್ಪನಿಗೊಂದು, ಉಳಿದಿದ್ದು ನಮಗೆ.
ಆದರೆ ಕರೆಂಟು ಹೋದರೆ ಮರೆವು.
ಕೆಇಬಿಯವರ ದಯೆಯಿಂದ ದಿನಕ್ಕೆರಡು ಸಲ
ಹಾಸನದ ಶೂರರೆಲ್ಲ ಸೊನ್ನೆ.
ಅದಕ್ಕೇ ಹುಡುಗರು ಕೈವಾರದ ಮೊನೆಯಲ್ಲಿ
ತಂತಮ್ಮ ಅಂಕ ಗೋಡೆಗೆ ಗೀಚಿದ್ದು,
ಭುಜದೆತ್ತರಕ್ಕೆ, ಎಲ್ಲರಿಗೂ ಕಾಣುವಂತೆ.

ಬೆಳಿಗ್ಗೆ ಹತ್ತಕ್ಕೆ ಮೊದಲನೆಯವನು ಬರುವಾಗಲೇ
ಪರದೆಯ ನೆತ್ತಿಯ ಮೇಲೆ ಕೂತಿರುತ್ತಿತ್ತು
ಎಚ್. ಎಂ. ಸಿ.
ಯಾರ ಕೈಗೂ ಎಟುಕದ ಅಂಕ.
ಎಚ್ ಅಂದರೆ ಹೊಳೆನರಸೀಪುರ ಅಂದನೊಬ್ಬ.
ಎಚ್. ಎಂ. ಚಂದ್ರಚೂಡ, ಸೆಕೆಂಡ್ ಪಿಯು,
ಹೌದೆನ್ನಲಿಲ್ಲ, ಅಲ್ಲವೆನ್ನಲಿಲ್ಲ,
ಸುಮ್ಮನೆ ನಕ್ಕ.
ಒಂದು ವರ್ಷ ಅವನ ಟೀ ಬನ್ನಿಗೆ ಯಾರೋ ಕಾಸು ಕೊಟ್ಟರು.
ಎಲ್ಲಿ, ಒಂದಾಟ ಆಡು ಅಂದರೆ
ಹೆಬ್ಬೆರಳು ಉಳುಕಿದೆ ಅನ್ನುತ್ತಿದ್ದ.

ಮೊನ್ನೆ ಮೂಲೆಯ ಹಲಗೆ ಬಿದ್ದಾಗ,
ಪೆಟ್ಟಿಗೆಯ ಬೆನ್ನಿಗಿದ್ದ ಜಾಗದಲ್ಲಿ,
ಮೊಣಕಾಲಿಗಿಂತ ಕೆಳಗೆ,
ಅದೇ ಮೂರಕ್ಷರ, ಹನ್ನೆರಡು ಸಾಲು.
ಆದರೆ ಎಂಥ ಅಕ್ಷರ!
ಎಚ್‌ನ ಅಡ್ಡಗೆರೆ ಎರಡು ಕಂಬಕ್ಕೂ ತಾಗಿಲ್ಲ,
ಎಂ ನಡುವೆ ಸೀಳು,
ಸಿ ಎರಡು ತುಂಡು, ಒಡೆದ ಬಳೆ.
ಹನ್ನೆರಡರಲ್ಲೂ ಅದೇ ಬಿರುಕು, ಅದೇ ಜಾಗದಲ್ಲಿ.
ಬರೆಯಲು ಬರುವವರು ಯಾರು ಹೀಗೆ ಬರೆಯುತ್ತಾರೆ?

ಗುರುವಾರ ಹಳೇ ಕೇಬಲ್ ಹರಾಜಿಗೆಂದು
ನಗರಸಭೆಯ ಗೋಡೌನಿಗೆ ಹೋದೆ.
ಗಾಲಿ ಕಳಚಿದ ಕಸದ ಗಾಡಿಯೊಂದು ಬೋರಲು ಬಿದ್ದಿತ್ತು.
ತುಕ್ಕಿನ ನಡುವೆ ಹಳದಿ ಬಣ್ಣ,
ತಗಡಿನ ಅಚ್ಚಿಟ್ಟು ಬಳಿದಿದ್ದು:
ಅಚ್ಚು ಹಿಡಿದಲ್ಲೆಲ್ಲ ಬಣ್ಣ ಬಿಟ್ಟು
ಎಚ್, ಎಂ, ಸಿ.
ಎಂ ನಡುವೆ ಸೀಳು.

ಪೆಂಚಲಮ್ಮ.
ಬೆಳಗಿನ ಆರಕ್ಕೆ ನಾನು ಶಟರ್ ಎತ್ತುತ್ತಿದ್ದೆ,
ಮೇನ್ ಹಾಕುತ್ತಿದ್ದೆ, ಸಾಹುಕಾರರ ಫ್ಲಾಸ್ಕ್ ಹಿಡಿದು
ಬಸ್‌ಸ್ಟ್ಯಾಂಡಿಗೆ ಟೀಗೆ ಓಡುತ್ತಿದ್ದೆ.
ಅಷ್ಟರಲ್ಲಿ ಅವಳು ಒಳಗೂ ಗುಡಿಸುತ್ತಿದ್ದಳು,
ತಿಂಗಳಿಗೆ ಹತ್ತು ರೂಪಾಯಿಗೆ.
ಬೆಂಚಿನ ಕೆಳಗೆ ಬಿದ್ದ ಬಿಲ್ಲೆ ಪೊರಕೆಗೆ ಸಿಕ್ಕಿರಬೇಕು.
ಸಂಜೆ ಲೆಕ್ಕದಲ್ಲಿ ಒಂದು ರೂಪಾಯಿ ಜಾಸ್ತಿ ಬಂದರೆ
ಅಂತೋಣಿ ಸಾಹುಕಾರರು ಯಾಕೆ ಎಂದು ಕೇಳಲಿಲ್ಲ.
ನಾನೂ ಕೇಳಲಿಲ್ಲ, ಗುಂಡಿ ಯಾಕೆ ಬೆಚ್ಚಗಿದೆ ಎಂದು.

ಹೆಸರು ಕೇಳಿದ ಪೆಟ್ಟಿಗೆಗೆ
ತನಗೆ ಗೊತ್ತಿದ್ದ ಮೂರಕ್ಷರ ಕೊಟ್ಟಳು,
ದಿನಾ ಎದೆಗೆ ಒತ್ತಿ ತಳ್ಳುತ್ತಿದ್ದ ಮೂರಕ್ಷರ.
ಅಂಕಿ ಮಾತ್ರ ಚೆನ್ನಾಗಿ ಗೊತ್ತಿತ್ತು ಅವಳಿಗೆ,
ಸಂಬಳದ ದಿನದ ಅಂಕಿ.

ಚಂದ್ರಚೂಡ ಈಗ ಸೈಟು ಮಾರುತ್ತಾನೆ.
ನಿನ್ನೆ ಸಿಕ್ಕಿದ್ದ. ಹೇಳಲಿಲ್ಲ.
ಪುಟ್ಟಿ ಹಚ್ಚುವ ಹುಡುಗನಿಗೆ, ಇಷ್ಟು ಜಾಗ ಬಿಡಪ್ಪ ಅಂದೆ.
ಬಿಡ್ತೀನಣ್ಣ, ಚದರಡಿ ದುಡ್ಡೇನೂ ಕಮ್ಮಿ ಆಗಲ್ಲ ಅಂದ.
ಫ್ರಿಜ್ಜು ಬರುತ್ತದೆ ಅಲ್ಲಿ, ಹೇಗೂ ಕಾಣುವುದಿಲ್ಲ.

ಹೋಗುವ ಮುಂಚೆ ಕೂತು, ಟಾರ್ಚ್ ಹಿಡಿದು,
ಮತ್ತೊಮ್ಮೆ ಓದಿದೆ.
ಹನ್ನೊಂದು ಸಾಲಿನಲ್ಲಿ ಆರಾರು ಅಂಕಿ.
ಕೊನೆಯದರಲ್ಲಿ ನಾಲ್ಕು,
ಆಮೇಲೆ ನೆಲದ ತನಕ ಜಾರಿದ ಒಂದು ಗೀರು.

ಆವತ್ತು ನಾನು ಟೀ ತಗೊಂಡು
ಬೇಗ ಬಂದಿರಬೇಕು.